ಹಳೆಯ ಕಾಂಕ್ರೀಟು ನೆಲಕ್ಕೆ ಹೊಸ ಮೈ

ಕಟ್ಟಡದ ಗೋಡೆಗಳಿಗೆ ವರ್ಷಕ್ಕೊಮ್ಮೆಯಾದರೂ ಸುಣ್ಣಬಣ್ಣದ ಭಾಗ್ಯವುಂಟು. ಮಾಳಿಗೆ ಸೋರಿದರೆ ಎಲ್ಲರ ಕಣ್ಣೂ ಅತ್ತ ಹರಿಯುತ್ತದೆ. ಆದರೆ ದಿನವಿಡೀ ನೂರಾರು ಕಾಲುಗಳ ತುಳಿತವನ್ನು ಸಹಿಸುವ ನೆಲದ ಯೋಗಕ್ಷೇಮವನ್ನು ವಿಚಾರಿಸುವವರು ವಿರಳ. ನಾಲ್ಕೈದು ದಶಕಗಳ ಹಿಂದೆ ಹಾಕಿದ ಕಾಂಕ್ರೀಟು ನೆಲ ಅನೇಕ ಶಾಲೆಗಳಲ್ಲಿ ಇಂದು ಸವೆದು, ಮರಳು ಕಾಳುಕಾಳಾಗಿ ಎದ್ದು, ಗುಡಿಸಿದಷ್ಟೂ ಧೂಳನ್ನು ಕೊಡುವ ಅವಸ್ಥೆಗೆ ಬಂದಿದೆ. ಅದೇ ನೆಲದ ಮೇಲೆ ಮಕ್ಕಳು ಪ್ರಾರ್ಥನೆಗೆ ಕುಳಿತುಕೊಳ್ಳುತ್ತಾರೆ, ಪಂಕ್ತಿಯಲ್ಲಿ ಉಣ್ಣುತ್ತಾರೆ. ಅದನ್ನು ಅಗೆದು ತೆಗೆಯಬೇಕೋ, ಅದರ ಮೇಲೆಯೇ ತೆಳುವಾದ ಅಲಂಕಾರದ ಸಿಮೆಂಟು ಪದರವೊಂದನ್ನು ಹೊದಿಸಿ ಉಳಿಸಿಕೊಳ್ಳಬಹುದೋ ಎಂಬ ಪ್ರಶ್ನೆ ದಾನಿಗಳ ಹಣದ ಸದ್ವಿನಿಯೋಗಕ್ಕೂ ಸಂಬಂಧಿಸಿದುದಾಗಿದೆ.

20 ಮೀಟರ್ ಉದ್ದ, 10 ಮೀಟರ್ ಅಗಲದ ಒಂದು ಸಭಾಂಗಣವನ್ನು ಊಹಿಸಿಕೊಳ್ಳಬಹುದು. ಅದರ ಮೇಲೆ 40 ಮಿಲಿಮೀಟರ್ ದಪ್ಪದ ಕಾಂಕ್ರೀಟನ್ನು ಹಾಕಿದರೆ 8 ಘನ ಮೀಟರ್ ಆಗುತ್ತದೆ. ಅದರ ತೂಕ ಸುಮಾರು 19 ಟನ್. ಅದೇ 8 ಮಿಲಿಮೀಟರಿನ ತೆಳುಪದರವಾದರೆ ಮೂರೂವರೆ ಟನ್ ಒಳಗೇ ಮುಗಿಯುತ್ತದೆ. ಮೇಲಂತಸ್ತಿನ ಕೊಠಡಿಗಳಲ್ಲಿ ಈ ವ್ಯತ್ಯಾಸ ಅಲ್ಪವಲ್ಲ. ಬಾಗಿಲುಗಳನ್ನು ಕೊಯ್ಯುವ, ಹೊಸ್ತಿಲುಗಳನ್ನು ಎತ್ತರಿಸುವ ತೊಂದರೆಯೂ ಬಹುಮಟ್ಟಿಗೆ ತಪ್ಪುತ್ತದೆ.

ಕನ್ನಡ ನಾಡಿಗೆ ಈ ವಿದ್ಯೆ ಸಂಪೂರ್ಣ ಹೊಸದೇನಲ್ಲ. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದನು. ಆ ಸಿಮೆಂಟು ನಮ್ಮ ಮನೆಗಳನ್ನು ಪ್ರವೇಶಿಸಿದ ಮೇಲೆ ನಮ್ಮ ಗಾರೆ ಕೆಲಸದವರು ಅದಕ್ಕೆ ಕೆಂಪು ಆಕ್ಸೈಡ್ ಬೆರೆಸಿ, ಕರಣೆಯಿಂದ ತಿಕ್ಕಿ ತಿಕ್ಕಿ, ಕನ್ನಡಿಯಂತೆ ಹೊಳೆಯುವ ನೆಲಗಳನ್ನು ಸಿದ್ಧಪಡಿಸಿದರು. ಆ ಕೆಂಪು ಬೇರೇನೂ ಅಲ್ಲ. ಸಂಡೂರು-ಬಳ್ಳಾರಿಯ ಅದಿರಿನಲ್ಲಿರುವ ಕಬ್ಬಿಣದ ಆಕ್ಸೈಡೇ ಅದು. ಸಿಮೆಂಟಿನ ಕ್ಷಾರಕ್ಕೂ ಬಿಸಿಲಿಗೂ ಅದು ಜಗ್ಗುವುದಿಲ್ಲ. ಬಟ್ಟೆಯ ಬಣ್ಣಗಳನ್ನು ಬೆರೆಸಿದವರ ನೆಲ ಬೇಗನೆ ಮಾಸುವುದಕ್ಕೆ ಕಾರಣ ಈ ಕ್ಷಾರವೇ. ಆದರೆ ಬಣ್ಣ ಗಾಢವಾಗಲೆಂದು ಆಕ್ಸೈಡನ್ನು ಮನಬಂದಂತೆ ಸುರಿಯಲಾಗದು. ಸಿಮೆಂಟಿನ ತೂಕದ ಶೇಕಡಾ 10ನ್ನು ಮೀರಿದರೆ ಬಣ್ಣ ಹೆಚ್ಚುವುದಕ್ಕಿಂತ ಬಲ ಕುಂದುವುದೇ ಹೆಚ್ಚು.

ಹಳೆಯ ಕೆಂಪು ನೆಲವನ್ನು ಹಸಿ ಕಾಂಕ್ರೀಟಿನ ಮೇಲೆಯೇ ಹಾಕುತ್ತಿದ್ದರು. ಎರಡೂ ಒಂದಾಗಿ ಗಟ್ಟಿಯಾಗುತ್ತಿದ್ದವು. ಇಲ್ಲಿ ಹಾಗಲ್ಲ. ಕೆಳಗಿನ ಕಾಂಕ್ರೀಟು ಕುಗ್ಗುವುದನ್ನೆಲ್ಲ ಎಂದೋ ಕುಗ್ಗಿ ಮುಗಿಸಿದೆ. ಮೇಲಿನದು ಇನ್ನು ಕುಗ್ಗಬೇಕಾಗಿದೆ. ಸಿಮೆಂಟು ಗಾರೆ ಒಣಗುವಾಗ ಸಾವಿರಕ್ಕೆ ಅರ್ಧ ಭಾಗದಷ್ಟು ಕುಗ್ಗಿದರೂ 10 ಮೀಟರ್ ಉದ್ದದ ಪದರದಲ್ಲಿ ಅದು 5 ಮಿಲಿಮೀಟರ್ ಆಗುತ್ತದೆ. ಹಿಡಿತ ಬಲವಾಗಿದ್ದರೆ ಈ ಎಳೆತ ಪದರದಲ್ಲೆಲ್ಲ ಹಂಚಿಹೋಗುತ್ತದೆ. ಹಿಡಿತ ಸಡಿಲವಾಗಿದ್ದರೆ ಅಂಚುಗಳು ಮೇಲೇಳುತ್ತವೆ, ನಡುವೆ ಬಿರುಕು ಬಿಡುತ್ತದೆ, ಕೆಲವೇ ತಿಂಗಳುಗಳಲ್ಲಿ ಹಪ್ಪಳದಂತೆ ಕಳಚುತ್ತದೆ. ಆದುದರಿಂದ ಈ ಕೆಲಸದಲ್ಲಿ ಕಣ್ಣಿಗೆ ಕಾಣುವ ಬಣ್ಣ, ರಂಗೋಲಿಯ ಅಚ್ಚುಗಳಿಗಿಂತ ಕಣ್ಣಿಗೆ ಕಾಣದ ಬೆಸುಗೆಯೇ ಮುಖ್ಯ.

ಮೊದಲು ತಳನೆಲವನ್ನು ಪರೀಕ್ಷಿಸತಕ್ಕದ್ದು. ಸಣ್ಣ ಸುತ್ತಿಗೆಯಿಂದ ಅಡಿಗೊಂದು ಕಡೆ ತಟ್ಟುತ್ತ ಹೋದರೆ ಗಟ್ಟಿ ನೆಲ ಕಿಣ್ಣೆನ್ನುತ್ತದೆ. ಒಳಗೆ ಬಿಟ್ಟುಕೊಂಡ ಭಾಗ ಡೊಳ್ಳಿನಂತೆ ನುಡಿಯುತ್ತದೆ. ಅಂತಹ ಭಾಗವನ್ನು ಕಿತ್ತು ತುಂಬದೆ ಮುಂದುವರಿಯುವಂತಿಲ್ಲ. ನೀರಿನ ಕೆಲವು ಹನಿಗಳನ್ನು ಬಿಟ್ಟು ನೋಡಬೇಕು. ನೆಲ ಹನಿಯನ್ನು ಹೀರಿಕೊಂಡರೆ ಶುಭ. ಹನಿ ಮುತ್ತಿನಂತೆ ನಿಂತರೆ ಎಣ್ಣೆ, ಮೇಣ ಅಥವಾ ಹಳೆಯ ಬಣ್ಣ ಅಲ್ಲಿದೆಯೆಂದು ತಿಳಿಯಬೇಕು. ವರ್ಷಗಟ್ಟಲೆ ಕೊಬ್ಬರಿ ಎಣ್ಣೆ ತಿಕ್ಕಿ ಹೊಳಪು ಕೊಟ್ಟ ನೆಲಗಳಲ್ಲಿ ಇದು ದೊಡ್ಡ ಅಡ್ಡಿ. ನೆಲಕ್ಕೆ ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಅಂಚು ಅಂಟಿಸಿ ಒಂದು ದಿನ ಬಿಟ್ಟು, ಕೆಳಮೈಯಲ್ಲಿ ನೀರಿನ ಹನಿಗಳು ಕೂಡಿದರೆ ನೆಲದೊಳಗಿನಿಂದ ತೇವ ಏರುತ್ತಿದೆಯೆಂದು ಅರ್ಥ. ಆ ತೇವದ ಮೂಲವನ್ನು ನಿವಾರಿಸದೆ ಮೇಲೆ ಎಷ್ಟು ಅಂದವಾದ ಪದರವನ್ನು ಹೊದಿಸಿದರೂ ಬಿಳಿಯ ಉಪ್ಪು ಹೂವಿನಂತೆ ಅರಳಿ ಅದನ್ನು ಕೆಡಿಸುತ್ತದೆ.

ಅನಂತರ ಮೇಲ್ಮೈಯನ್ನು ಒರಟಾಗಿಸಬೇಕು. ಕಾಂಕ್ರೀಟು ಹಾಕುವಾಗ ಹೆಚ್ಚಿನ ನೀರಿನೊಡನೆ ಮೇಲಕ್ಕೆ ಬಂದು ಕೆನೆಗಟ್ಟಿದ ಸಿಮೆಂಟಿನ ಪೊರೆ ಬಹು ದುರ್ಬಲ; ಅದಕ್ಕೆ ಅಂಟಿದುದು ಅದರೊಡನೆಯೇ ಎದ್ದುಬರುತ್ತದೆ. ಉಳಿಯಿಂದ ಅಲ್ಲಲ್ಲಿ ಕಚ್ಚು ಹೊಡೆದು ತೃಪ್ತಿಪಡುವ ಪದ್ಧತಿ ತೆಳುಪದರಕ್ಕೆ ಸಾಲದು. ಯಂತ್ರದಿಂದ ಇಡೀ ನೆಲವನ್ನು ಉಜ್ಜಬೇಕು. ಈ ಉಜ್ಜುವಿಕೆಯ ಧೂಳಿನಲ್ಲಿ ಸೂಕ್ಷ್ಮವಾದ ಸಿಲಿಕಾ ಇರುತ್ತದೆ. ಉಸಿರಿನೊಡನೆ ಒಳಸೇರಿದ ಅದು ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸಬಲ್ಲದು. ನೀರು ಚಿಮುಕಿಸುತ್ತ ಉಜ್ಜಿಸುವುದು, ಕೆಲಸಗಾರರಿಗೆ ತಕ್ಕ ಮುಖಕವಚ ಒದಗಿಸುವುದು ಕೆಲಸ ಮಾಡಿಸುವವರ ಹೊಣೆ. ಖರ್ಚಿನ ಪಟ್ಟಿಯಲ್ಲಿ ಇದಕ್ಕೆ ಮೊದಲೇ ಸ್ಥಳವಿರಬೇಕು. ಸುಲಭವೆಂದು ಆಮ್ಲದಿಂದ ತೊಳೆಯುವವರುಂಟು. ಉಳಿದುಹೋದ ಹೈಡ್ರೋಕ್ಲೋರಿಕ್ ಆಮ್ಲದ ಅಂಶ ಒಳಗಿನ ಕಬ್ಬಿಣಕ್ಕೆ ತುಕ್ಕು ತರುವುದರಿಂದ ಅದನ್ನು ಬಿಡುವುದೇ ಲೇಸು.

ಸಿದ್ಧವಾದ ನೆಲಕ್ಕೆ ಹಿಂದಿನ ರಾತ್ರಿಯೇ ನೀರು ಕುಡಿಸಿ, ಬೆಳಗ್ಗೆ ನಿಂತ ನೀರನ್ನೆಲ್ಲ ಗುಡಿಸಿ ತೆಗೆಯಬೇಕು. ಒಳಗೆ ತೇವ, ಮೇಲೆ ಒಣಗು. ಇದೇ ಬೇಕಾದ ಹದ. ಒಣ ನೆಲವಾದರೆ ಹೊಸ ಗಾರೆಯ ನೀರನ್ನು ಹೀರಿಬಿಡುತ್ತದೆ. ನೀರು ನಿಂತ ನೆಲವಾದರೆ ಬೆಸುಗೆ ತೆಳ್ಳಗಾಗುತ್ತದೆ. ಬಳಿಕ ಸಿಮೆಂಟಿನ ತಿಳಿಯನ್ನು ಬಿರುಸಾದ ಕುಂಚದಿಂದ ತಿಕ್ಕಿ, ಅದು ಆರುವ ಮೊದಲೇ ಗಾರೆಯನ್ನು ಹರಡಬೇಕು. ಆರಿದ ತಿಳಿ ಬೆಸೆಯುವುದಿಲ್ಲ, ಬೇರ್ಪಡಿಸುತ್ತದೆ.

ಈ ಗಾರೆಗೆ ಇಂದು ಕೃತಕ ರಬ್ಬರಿನ ಅಥವಾ ಅಕ್ರಿಲಿಕ್ಕಿನ ಹಾಲನ್ನು ಬೆರೆಸುತ್ತಾರೆ. ರಬ್ಬರ್ ಮರದ ಹಾಲಿಗೆ ಸಿಮೆಂಟು ಸೇರಿಸಿ ರಸ್ತೆಗೆ ಹಾಸುವ ವಿಧಾನಕ್ಕೆ ಕ್ರೆಸನ್ ಎಂಬುವನು 1923ರಲ್ಲೇ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದಿದ್ದನು. ಗಾರೆಯ ಸೂಕ್ಷ್ಮರಂಧ್ರಗಳಲ್ಲಿ ಈ ಹಾಲು ಪೊರೆಯಾಗಿ ಹಬ್ಬಿ, ಅಂಟನ್ನೂ ಬಾಗುವ ಗುಣವನ್ನೂ ಕೊಡುತ್ತದೆ. ಮರಗೆಲಸದ ಸಾಮಾನ್ಯ ಬಿಳಿಯ ಅಂಟು ಇದಕ್ಕೆ ಬದಲಾಗದು. ನೀರು ತಗಲಿದರೆ ಅದು ಮತ್ತೆ ಮೆತ್ತಗಾಗುತ್ತದೆ.

ಇಲ್ಲಿ ಅನುಭವಿ ಮೇಸ್ತ್ರಿಗಳೂ ಎಡವುವ ಸಂಗತಿಯೊಂದಿದೆ. ಬರಿಯ ಸಿಮೆಂಟು ನೆಲಕ್ಕೆ ವಾರಕ್ಕೆ ಕಡಿಮೆಯಿಲ್ಲದೆ ನೀರು ಕಟ್ಟಿ ನಿಲ್ಲಿಸುವುದು ಅವರು ಕಲಿತ ಧರ್ಮ. ಹಾಲು ಬೆರೆಸಿದ ಗಾರೆಗಾದರೋ ಮೊದಲಿನ ಒಂದೆರಡು ದಿನ ಮಾತ್ರ ಒದ್ದೆ ಬಟ್ಟೆಯ ಆರೈಕೆ. ಅನಂತರ ಗಾಳಿಯಲ್ಲಿ ಆರಿದರೆ ಮಾತ್ರ ಒಳಗಿನ ಪೊರೆ ಕೂಡಿಕೊಳ್ಳುತ್ತದೆ. ಹಳೆಯ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದವನೇ ಇಲ್ಲಿ ಹೊಸ ನೆಲವನ್ನು ಕೆಡಿಸಬಲ್ಲನು.

ಕಾಲದ ಆಯ್ಕೆಯೂ ಕ್ಲಿಷ್ಟವೇ. ಶಾಲೆ ಖಾಲಿಯಿರುವುದು ಬೇಸಗೆಯ ರಜೆಯಲ್ಲಿ. ತೆಳುಪದರಕ್ಕೆ ಅದು ಪರಮ ಶತ್ರು. 8 ಮಿಲಿಮೀಟರ್ ಪದರದ ಒಂದು ಚದರ ಮೀಟರಿನಲ್ಲಿ ಸುಮಾರು ಎರಡು ಲೀಟರ್ ನೀರಿರುತ್ತದೆ. ಬಯಲುಸೀಮೆಯ ಏಪ್ರಿಲ್ ತಿಂಗಳ ಬಿಸಿಗಾಳಿ ಗಂಟೆಗೆ ಒಂದು ಲೀಟರಿನಷ್ಟನ್ನು ಹಾರಿಸಿಬಿಡಬಲ್ಲದು. ದಸರಾ ರಜೆ ದೊರೆತರೆ ಉತ್ತಮ. ಬೇಸಗೆಯೇ ಅನಿವಾರ್ಯವಾದರೆ ಕಿಟಕಿಗಳನ್ನು ಮುಚ್ಚಿ, ಮುಂಜಾನೆಯೇ ಆರಂಭಿಸಿ, ಬಿಸಿಲೇರುವ ಮೊದಲು ನಿಲ್ಲಿಸತಕ್ಕದ್ದು.

ಹಳೆಯ ನೆಲದಲ್ಲಿ ಸಂದುಗಳಿರುವಲ್ಲೆಲ್ಲ ಹೊಸ ಪದರದಲ್ಲಿಯೂ ಸಂದು ಬಿಡಬೇಕು; ಬಿಡದಿದ್ದರೆ ನೆಲ ತಾನೇ ಬಿರಿದು ಸಂದನ್ನು ಮಾಡಿಕೊಳ್ಳುತ್ತದೆ. ಆ ಗೆರೆಗಳನ್ನೇ ವಿನ್ಯಾಸದ ಅಂಗವಾಗಿಸಿ, ಎರಡು ಬಣ್ಣಗಳ ಚೌಕಗಳನ್ನು ತುಂಬುವುದು ಜಾಣತನ. ಊಟದ ಮನೆಯ ವಿಚಾರ ಬೇರೆ. ಮಜ್ಜಿಗೆ, ಹುಣಿಸೆ, ನಿಂಬೆಯ ಹುಳಿ ಸಿಮೆಂಟನ್ನು ಮೆಲ್ಲಮೆಲ್ಲನೆ ತಿನ್ನುತ್ತದೆ. ಅಲ್ಲಿ ಮೇಲೊಂದು ರಕ್ಷಕ ಲೇಪನ ಬೇಕು, ಕೈತೊಳೆಯುವೆಡೆ ಮಕ್ಕಳು ಜಾರದಂತೆ ಮರದ ಮಣೆಯಿಂದ ತಿಕ್ಕಿದ ಒರಟು ಮೈ ಇರಬೇಕು.

ತಳವೇ ಕುಸಿಯುತ್ತಿರುವ, ವರ್ಷ ವರ್ಷಕ್ಕೆ ಬಿರುಕು ಅಗಲವಾಗುತ್ತಿರುವ ನೆಲಕ್ಕೆ ಈ ಚಿಕಿತ್ಸೆ ಸಲ್ಲದು. ಅದನ್ನು ಅಗೆಯುವುದೇ ಮಿತವ್ಯಯ. ಸಂದೇಹವಿರುವಲ್ಲಿ ಎರಡು ಮೀಟರ್ ಚೌಕದ ಮೂಲೆಯೊಂದರಲ್ಲಿ ಪದರವನ್ನು ಹಾಕಿಸಿ, ಒಂದು ಮಳೆಗಾಲ ಕಳೆಯಲು ಬಿಟ್ಟು, ಮತ್ತೆ ಸುತ್ತಿಗೆಯಿಂದ ತಟ್ಟಿ ನೋಡಿದ ಮೇಲೆ ಉಳಿದ ಭಾಗಕ್ಕೆ ಹಣ ಮಂಜೂರು ಮಾಡಬಹುದು.