ಬಾಡಿಗೆಗೆಂದು ಕೊಂಡ ಮೊದಲ ಮನೆ

ಮುಂಬಯಿಯ ನಮ್ಮವರ ಮದುವೆ ಊಟದಲ್ಲಿ ಮನೆಯ ಮಾತು ಬಾರದೆ ಇರುವುದಿಲ್ಲ. ಕುರ್ಲಾದ ಬಂಟರ ಭವನವಿರಲಿ, ಸಾಂತಾಕ್ರೂಜಿನ ಬಿಲ್ಲವ ಭವನವಿರಲಿ, ಎಲೆ ಹಾಕುವ ಹೊತ್ತಿಗೆ ಮಾತು ಡೊಂಬಿವಲಿಯ ರೇಟಿಗೋ ಮೀರಾರೋಡಿನ ರಿಡೆವಲಪ್‌ಮೆಂಟಿಗೋ ಹೊರಳಿರುತ್ತದೆ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಚಾಳಿನ ಖೋಲಿಯಿಂದ ಒನ್ ರೂಮ್ ಕಿಚನ್ನಿಗೆ ದಾಟಿದವರು ನಾವು. ಇರಲು ಒಂದು ಮನೆಯಾಗಿ ಕೈಯಲ್ಲಿ ನಾಲ್ಕು ಕಾಸು ಉಳಿದರೆ, ನಮಗೆ ಮೊದಲು ಹೊಳೆಯುವುದು ಇನ್ನೊಂದು ಮನೆಯೇ. ನಾನೂ ಹಾಗೆಯೇ ದಹಿಸರಿನ ಹಳೆಯ ಸೊಸೈಟಿಯೊಂದರಲ್ಲಿ ಸಣ್ಣ ಫ್ಲ್ಯಾಟು ಕೊಂಡು ಬಾಡಿಗೆಗೆ ಕೊಟ್ಟಿದ್ದೇನೆ. ಊರಿನ ಹುಡುಗರು ಈಗ ಬಂದು ಎಲ್ಲಿ ಕೊಳ್ಳಲಿ, ಹೇಗೆ ಕೊಳ್ಳಲಿ ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

"ಬಾಡಿಗೆಯಲ್ಲೇ ಕಂತು ತೀರುತ್ತದೆ" ಎಂದು ಏಜೆಂಟ್ ಹೇಳುತ್ತಾನೆ. ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. 50 ಲಕ್ಷದ ಮನೆಗೆ ತಿಂಗಳಿಗೆ 14,000 ಬಾಡಿಗೆ ಬಂತು ಎಂದಿಟ್ಟುಕೊಳ್ಳೋಣ. ಸೊಸೈಟಿಯ ಮೆಂಟೆನೆನ್ಸ್, ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಖಾಲಿ ಬೀಳುವ ತಿಂಗಳು, ಬಣ್ಣ, ನಲ್ಲಿ ರಿಪೇರಿ ಕಳೆದರೆ ವರ್ಷಕ್ಕೆ ಸುಮಾರು 1,25,000 ಉಳಿದೀತು. ನೂರಕ್ಕೆ ಎರಡೂವರೆ. 40 ಲಕ್ಷ ಸಾಲಕ್ಕೆ ಎಂಟೂವರೆ ಬಡ್ಡಿಯಲ್ಲಿ 20 ವರ್ಷದ ಕಂತು ತಿಂಗಳಿಗೆ 34,700ರ ಹತ್ತಿರ ಬರುತ್ತದೆ. ನಡುವಿನ ಇಪ್ಪತ್ತನಾಲ್ಕು ಸಾವಿರದಷ್ಟು ಪ್ರತಿ ತಿಂಗಳೂ ಸಂಬಳದಿಂದ ಹೋಗಬೇಕು. ಕೊಳ್ಳುವ ದಿನದ ಖರ್ಚು ಬೇರೆ: ಮುಂಬಯಿ ಪಾಲಿಕೆಯ ವ್ಯಾಪ್ತಿಯಲ್ಲಿ ಮೆಟ್ರೋ ಸೆಸ್ ಸೇರಿ ನೂರಕ್ಕೆ 6ರ ಮುದ್ರಾಂಕ ಶುಲ್ಕ, 30,000 ನೋಂದಣಿ, ಏಜೆಂಟನ ದಲಾಲಿ. ಮನೆ ಹೆಂಗಸರ ಹೆಸರಲ್ಲೇ ಆದರೆ ಮುದ್ರಾಂಕದಲ್ಲಿ ನೂರಕ್ಕೆ 1 ರಿಯಾಯಿತಿ ಇದೆ. ನಾವು ಹೆಂಡತಿಯ ಹೆಸರಲ್ಲೇ ಮಾಡಿದೆವು.

ಹಾಗಾದರೆ ಬಾಡಿಗೆಗೆಂದು ಮನೆ ಕೊಳ್ಳುವುದು ಯಾತಕ್ಕೆ? ಗೋಡೆ ಹಳತಾಗುತ್ತ ಹೋಗುತ್ತದೆ, ಬೆಲೆ ಏರುವುದು ಅಡಿಯ ನೆಲಕ್ಕೆ. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವಾಗ ಸಿಗುವ ಹೆಚ್ಚಿನ ಜಾಗವೂ ಆ ನೆಲದ ಹಕ್ಕಿನಿಂದಲೇ ಬರುವುದು. ಆದ್ದರಿಂದ ನಾನು ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಈ ನೆಲ ಯಾರ ಹೆಸರಲ್ಲಿದೆ?

ಇದನ್ನು ಕೇಳುವವರೇ ಕಡಿಮೆ. ನಮ್ಮ ಕೈಗೆ ಬರುವುದು ಶೇರ್ ಸರ್ಟಿಫಿಕೇಟು, ನೋಂದಣಿಯಾದ ಅಗ್ರಿಮೆಂಟು, ನೋಂದಣಿ ಕಚೇರಿಯ ಇಂಡೆಕ್ಸ್-2. ಅವುಗಳಿಂದ ಫ್ಲ್ಯಾಟು ನಮ್ಮದಾಗುತ್ತದೆ, ಆದರೆ ನೆಲ ಸೊಸೈಟಿಯದಾಗಿರಲೇಬೇಕೆಂದಿಲ್ಲ. ಮಹಾರಾಷ್ಟ್ರದ 1963ರ ಫ್ಲ್ಯಾಟ್ ಕಾನೂನಿನಂತೆ ಸೊಸೈಟಿ ನೋಂದಣಿಯಾದ ನಾಲ್ಕು ತಿಂಗಳೊಳಗೆ ಬಿಲ್ಡರ್ ನೆಲವನ್ನು ಸೊಸೈಟಿಗೆ ಬರೆದುಕೊಡಬೇಕು. ಇದಕ್ಕೇ ಕನ್ವೇಯನ್ಸ್ ಎನ್ನುವುದು. ಬರೆದುಕೊಡದ ಬಿಲ್ಡರುಗಳು ಬಹಳ. ಮೂವತ್ತು ನಲವತ್ತು ವರ್ಷ ಜನ ವಾಸವಿದ್ದ ಕಟ್ಟಡದ ಪ್ರಾಪರ್ಟಿ ಕಾರ್ಡಿನಲ್ಲಿ, ಅಂದರೆ ನೆಲದ ಸರ್ಕಾರಿ ದಾಖಲೆಯಲ್ಲಿ, ಇವತ್ತೂ ಬಿಲ್ಡರಿನ ಹೆಸರೋ ಹಳೆಯ ಜಮೀನುದಾರನ ಹೆಸರೋ ಇರುವುದುಂಟು. ರಿಡೆವಲಪ್‌ಮೆಂಟಿನ ದಿನ ಬಂದಾಗ ಆ ಹೆಸರಿನವರು ಅಥವಾ ಅವರ ಮಕ್ಕಳು ಎದ್ದು ನಿಲ್ಲುತ್ತಾರೆ. 2008ರ ತಿದ್ದುಪಡಿಯ ಮೇಲೆ ಬಿಲ್ಡರ್ ಸಹಿ ಹಾಕದಿದ್ದರೂ ಸೊಸೈಟಿಯೇ ಸಹಕಾರ ಇಲಾಖೆಯ ಜಿಲ್ಲಾ ಉಪನಿಬಂಧಕರ ಬಳಿ ಅರ್ಜಿ ಹಾಕಿ ಡೀಮ್ಡ್ ಕನ್ವೇಯನ್ಸ್ ಪಡೆಯಬಹುದು. ಆದರೆ ಅದಕ್ಕೆ ಕಡತ ಹಿಡಿದು ಓಡಾಡುವ ಕಮಿಟಿ ಬೇಕು.

ನಾವು ನೋಡಿದ ಮನೆಗಳಲ್ಲಿ ಒಂದು ಸ್ಟೇಷನ್ನಿಗೆ ಕಾಲ್ನಡಿಗೆಯ ದೂರದಲ್ಲಿತ್ತು, ಬೆಲೆಯೂ ಕಡಿಮೆ. "ಇದೇ ಆಗಲಿ ಮಾರಾಯ್ರೆ, ಬಾಡಿಗೆಯವರು ಓಡಿ ಬರ್ತಾರೆ" ಎಂದಳು ಹೆಂಡತಿ. ಕನ್ವೇಯನ್ಸ್ ಕೇಳಿದರೆ ಸೆಕ್ರೆಟರಿ, ಮಾತುಕತೆ ನಡೀತಾ ಇದೆ ಎಂದರು. ಎಷ್ಟು ವರ್ಷದಿಂದ ಎಂದದ್ದಕ್ಕೆ ಉತ್ತರ ಬರಲಿಲ್ಲ. ಮೆಟ್ಟಿಲಿಳಿಯುವಾಗ ಹೆಂಡತಿಯೇ ಅಂದಳು, "ಬೇಡ ಬಿಡಿ." ಕೊನೆಗೆ ಕೊಂಡದ್ದು ಸ್ಟೇಷನ್ನಿನಿಂದ ಬಸ್ಸು ಹಿಡಿಯಬೇಕಾದ ಕಡೆ. ಅಲ್ಲಿನ ಕಮಿಟಿ ಡೀಮ್ಡ್ ಕನ್ವೇಯನ್ಸ್ ಮುಗಿಸಿ ಪ್ರಾಪರ್ಟಿ ಕಾರ್ಡಿನಲ್ಲಿ ಸೊಸೈಟಿಯ ಹೆಸರು ಏರಿಸಿಕೊಂಡಿತ್ತು. ಬಾಡಿಗೆ ಸ್ವಲ್ಪ ಕಡಿಮೆ ಬರುತ್ತದೆ. ನನಗೆ ಅದರ ಬೇಸರವಿಲ್ಲ.

ಕಟ್ಟುತ್ತಿರುವ ಕಟ್ಟಡ ಅಗ್ಗ ಎಂದು ಅತ್ತ ಓಡುವವರಿಗೂ ಒಂದು ಮಾತು. 2017ರಿಂದ ಬಿಲ್ಡರುಗಳ ಮೇಲೆ ನಿಗಾ ಇಡುವ ಮಹಾರೇರಾ ಇದೆ, ನೋಂದಾಯಿತ ಅಗ್ರಿಮೆಂಟು ಆಗುವ ಮೊದಲು ಬಿಲ್ಡರ್ ನೂರಕ್ಕೆ 10ಕ್ಕಿಂತ ಹೆಚ್ಚು ಹಣ ತೆಗೆದುಕೊಳ್ಳುವಂತಿಲ್ಲ. ಇದು ನಿಜಕ್ಕೂ ದೊಡ್ಡ ರಕ್ಷಣೆ. ಆದರೆ ರೇರಾ ನಂಬರಿದ್ದರೆ ಸಾಕು ಎಂದು ಕೂರಬೇಡಿ. ಕಲ್ಯಾಣ್-ಡೊಂಬಿವಲಿಯಲ್ಲಿ ಪಾಲಿಕೆಯ ಸುಳ್ಳು ಪರವಾನಗಿ ತೋರಿಸಿ ರೇರಾ ನೋಂದಣಿ ಪಡೆದಿದ್ದ 65 ಕಟ್ಟಡಗಳನ್ನು ಕೆಡವಲು ಬಾಂಬೆ ಹೈಕೋರ್ಟು 2024ರಲ್ಲಿ ಆದೇಶಿಸಿತು. ಸಾಲ ಮಾಡಿ ಕೊಂಡ ಕುಟುಂಬಗಳು ಅವುಗಳಲ್ಲಿದ್ದವು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಡೊಂಬಿವಲಿ ಎಂದರೆ ನಮ್ಮವರದೇ ಊರು. ಪರವಾನಗಿಯ ಪ್ರತಿ ಹಿಡಿದು ಪಾಲಿಕೆಯ ನಗರ ರಚನಾ ವಿಭಾಗದಲ್ಲಿ ತಾಳೆ ನೋಡುವುದಕ್ಕೆ ಒಂದು ದಿನದ ರಜೆ ಹೋದರೂ ಹೋಗಲಿ.

ಬಾಡಿಗೆಗೆ ಕೊಡುವಾಗ ಭಯ ಬೇಡ, ಸಲಿಗೆಯೂ ಬೇಡ. 1947ರ ಬಾಡಿಗೆ ಕಾನೂನಿನ, ಬಾಡಿಗೆಯವರನ್ನು ಎಬ್ಬಿಸುವುದೇ ಕಷ್ಟವಾಗಿದ್ದ ಪಗಡಿ ಮನೆಗಳ ಕಥೆ ಕೇಳಿ ಇವತ್ತೂ ಮನೆ ಖಾಲಿ ಇಟ್ಟುಕೊಳ್ಳುವವರಿದ್ದಾರೆ. 1999ರ ಕಾನೂನಿನಲ್ಲಿ ಲೀವ್ ಆಂಡ್ ಲೈಸೆನ್ಸ್ ಕರಾರು ನೋಂದಾಯಿಸುವುದು ಮಾಲೀಕನ ಹೊಣೆ. ಅವಧಿ ಮುಗಿದ ಮೇಲೂ ಬಿಡದವರು ದುಪ್ಪಟ್ಟು ತೆರಬೇಕು. ಊರಿನವರೇ, ಗೊತ್ತಿದ್ದವರೇ ಎಂದು ಬಾಯಿಮಾತಿನಲ್ಲಿ ಕೊಟ್ಟರೆ, ತಕರಾರು ಬಂದಾಗ ಶರತ್ತುಗಳ ಬಗ್ಗೆ ಬಾಡಿಗೆಯವರು ಹೇಳಿದ್ದೇ ನಿಲ್ಲುತ್ತದೆ.

ಮೊದಲ ಮನೆ ನೋಡಲು ಹೊರಟವರು ಟೋಕನ್ ಚೆಕ್ಕು ಬರೆಯುವ ಮುಂಚೆ ಮಾರುವವರನ್ನು ಕರೆದುಕೊಂಡೇ ಸೊಸೈಟಿಯ ಕಚೇರಿಗೆ ಹೋಗಿ. ಓಸಿ (ವಾಸಕ್ಕೆ ಯೋಗ್ಯವೆಂದು ಪಾಲಿಕೆ ಕೊಡುವ ಪತ್ರ), ಕನ್ವೇಯನ್ಸ್ ಡೀಡು, ಇತ್ತೀಚಿನ ಪ್ರಾಪರ್ಟಿ ಕಾರ್ಡು, ಈ ಮೂರನ್ನೂ ಕಣ್ಣಾರೆ ನೋಡಿ, ನಿಮ್ಮ ಕಡೆಯ ವಕೀಲರಿಗೂ ತೋರಿಸಿ. ಇವತ್ತೇ ಕೊಡದಿದ್ದರೆ ಮನೆ ಕೈತಪ್ಪುತ್ತದೆ ಎಂದು ಏಜೆಂಟ್ ಅವಸರ ಮಾಡಿದರೆ ಮಾಡಲಿ. ದಹಿಸರಿನಿಂದ ಡೊಂಬಿವಲಿಯವರೆಗೆ ಮಾರಾಟಕ್ಕಿರುವ ಮನೆಗಳಿಗೆ ಬರವಿಲ್ಲ.