ಸಹಿಗೆ ಮೊದಲು ಒಂಬತ್ತನೇ ಷರತ್ತು

ಆದಿ ಉಡುಪಿಯ ಎರಡು ಬೆಡ್‌ರೂಮಿನ ಫ್ಲ್ಯಾಟೊಂದರ ಬಾಡಿಗೆ ಕರಾರು. ಬಾಡಿಗೆ 14,000 ರೂಪಾಯಿ, ಡೆಪಾಸಿಟ್ 75,000, ಅವಧಿ 11 ತಿಂಗಳು. ಇ-ಸ್ಟ್ಯಾಂಪ್ ಪೇಪರಿನ ಹಿಂದೆ ಪಿನ್ ಹೊಡೆದ ಮೂರು ಹಾಳೆ. ಒಂಬತ್ತನೇ ಷರತ್ತು ಹೀಗಿತ್ತು: ಮನೆ ಖಾಲಿ ಮಾಡುವಾಗ ಬಣ್ಣ ಮತ್ತು ರಿಪೇರಿಗೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳಲಾಗುವುದು, ಅದಕ್ಕೂ ಮಿಕ್ಕಿದ ಹಾನಿ ಇದ್ದರೆ ಮಾಲೀಕರು ಹೇಳಿದ ಮೊತ್ತವೇ ಅಂತಿಮ.

ಆ ಮನೆಗೆ ಹೋಗಲಿದ್ದವಳು ಈ ಅಂಕಣ ಬರೆಯುವಾಕೆಯೇ. ಮಾಲೀಕರು ದುಬೈಯಲ್ಲಿ. ಕಾಗದ ಹಿಡಿದು ಬಂದವರು ಅವರ ಭಾವ. “ಅದೆಲ್ಲ ಫಾರ್ಮ್ಯಾಲಿಟಿ ಮಾರಾಯ್ರೆ, ಎಲ್ರೂ ಸೈನ್ ಹಾಕ್ತಾರೆ” ಎಂದರು. “ಹಾಗಾದ್ರೆ ತೆಗೆದುಬಿಡುವ ಅಲ್ವಾ?” ಎಂದು ಆಕೆ ಕೇಳಿದಳು.

ಕೇಳಲು ಕಾರಣವಿತ್ತು. ಮಲಗುವ ಕೋಣೆಯ ಪಶ್ಚಿಮದ ಗೋಡೆಯಲ್ಲಿ, ಕಿಟಕಿಯ ಕೆಳಗೆ, ಸುಣ್ಣ ಉಬ್ಬಿ ಪುಡಿ ಉದುರುತ್ತಿತ್ತು. ಅದರ ಸುತ್ತ ಬೂಷ್ಟಿನ ಕರಿ ಚುಕ್ಕೆಗಳು. ಕಿಟಕಿಯ ಸರಳುಗಳಿಗೆ ಮಲ್ಪೆ ಕಡೆಯ ಉಪ್ಪು ಗಾಳಿಯ ತುಕ್ಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಗೋಡೆಗೆ ಥಂಡಿ ಹಿಡಿಯುವುದು ಬಾಡಿಗೆದಾರರ ತಪ್ಪಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಕೂಡ ಅದನ್ನೇ ಹೇಳುತ್ತದೆ: ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು, ಆದರೆ ಸಹಜ ಸವಕಳಿ ಅವನ ಲೆಕ್ಕಕ್ಕೆ ಸೇರದು. ಮಾಲೀಕ ತಾನು ಮಾಡಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟರೂ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು.

ಆದರೆ ಈ ಹಕ್ಕುಗಳೆಲ್ಲ ಒಂದೇ ಮಾತಿಗೆ ಕಟ್ಟುಬಿದ್ದಿವೆ: ಇದಕ್ಕೆ ವಿರುದ್ಧವಾದ ಕರಾರು ಇಲ್ಲದಿದ್ದರೆ ಮಾತ್ರ. ಕರಾರಿನಲ್ಲಿ ಏನೂ ಬರೆಯದಿದ್ದರೆ ಕಾನೂನು ಬಾಡಿಗೆದಾರರ ಜೊತೆಗಿರುತ್ತದೆ. ಒಂಬತ್ತನೇ ಷರತ್ತಿಗೆ ಸಹಿ ಬಿತ್ತೆಂದರೆ ಆ ರಕ್ಷಣೆಯನ್ನು ಅವರೇ ಬಿಟ್ಟುಕೊಟ್ಟ ಹಾಗೆ. ಮನೆ ನೋಡಲು ನಾಲ್ಕು ಸಲ ಹೋಗುವವರು ಕರಾರನ್ನು ಒಮ್ಮೆಯೂ ಪೂರ್ತಿ ಓದದಿರುವುದು ಈ ಅಂಕಣಕಾರ್ತಿಗೆ ನಿಜಕ್ಕೂ ಸಂಕಟದ ವಿಷಯ.

ಬಾಡಿಗೆ ಕಾಯ್ದೆ ಇದೆಯಲ್ಲ ಎನ್ನುವವರಿದ್ದಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ, ಜಾಗವನ್ನು ಅನುಸರಿಸಿ, ತಿಂಗಳ ಬಾಡಿಗೆ 3,500 ಅಥವಾ 2,000 ರೂಪಾಯಿ ದಾಟಿದ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ. ಇಂದು ಉಡುಪಿ, ಮಣಿಪಾಲದಲ್ಲಿ ಆ ದರಕ್ಕೆ ಫ್ಲ್ಯಾಟ್ ಎಲ್ಲಿ ಸಿಗುತ್ತದೆ? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡೆಪಾಸಿಟ್ ಬೇಡ ಎನ್ನುತ್ತದೆ. ಅದು ರಾಜ್ಯ ತನ್ನದೇ ಕಾಯ್ದೆ ಮಾಡಿಕೊಂಡರಷ್ಟೇ ಜಾರಿಗೆ ಬರುವಂಥದ್ದು. ಚೌಕಾಶಿಗೆ ಕುಳಿತಾಗ ಅಳತೆಗೋಲಾಗಿ ಮಾತ್ರ ಉಪಯೋಗಕ್ಕೆ ಬರುತ್ತದೆ.

ನಾಲ್ಕನೇ ಷರತ್ತು ಲಾಕ್-ಇನ್: 11 ತಿಂಗಳಿಗೆ ಮೊದಲೇ ಬಿಟ್ಟರೆ ಪೂರ್ತಿ ಡೆಪಾಸಿಟ್ ಮುಟ್ಟುಗೋಲು. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ದಂಡದ ಮೊತ್ತ ಬರೆದಿದ್ದರೂ ನ್ಯಾಯಾಲಯ ಕೊಡಿಸುವುದು ಆ ಮಿತಿಯೊಳಗಿನ ಯುಕ್ತ ಪರಿಹಾರವನ್ನು ಮಾತ್ರ. ಸರಿಯೇ. ಆದರೆ ಹಣ ಇರುವುದು ಮಾಲೀಕರ ಕೈಯಲ್ಲಿ, ಅದಕ್ಕಾಗಿ ಕೋರ್ಟಿಗೆ ಅಲೆಯಬೇಕಾದವರು ಬಾಡಿಗೆದಾರರು. ಜೂನ್-ಜುಲೈಯಲ್ಲಿ ಮಣಿಪಾಲಕ್ಕೆ ಮಕ್ಕಳನ್ನು ಸೇರಿಸಲು ಬಂದು ಗಡಿಬಿಡಿಯಲ್ಲಿ ಸಹಿ ಹಾಕುವ ಹೆತ್ತವರು ಈ ಸಾಲನ್ನು ಎರಡು ಸಲ ಓದಬೇಕು.

ಬಾಡಿಗೆ ತಪ್ಪಿದರೆ ಬೀಗ ಬದಲಿಸುತ್ತೇವೆ ಎಂದೂ ಒಂದು ಕಡೆ ಇತ್ತು. ನೆಲೆನಿಂತವರನ್ನು ಕಾನೂನಿನ ದಾರಿಯಲ್ಲದೆ ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಆಕೆ ಆ ಸಾಲಿಗೆ ಅಡ್ಡಗೆರೆ ಎಳೆದಳು.

ಮಾಲೀಕರು ವಿದೇಶದಲ್ಲಿರುವುದು ಕರಾವಳಿಯಲ್ಲಿ ಸಾಮಾನ್ಯ. ಹಾಗಾಗಿ ಸಹಿ ಹಾಕುವವರ ಬಳಿ ಅಧಿಕಾರಪತ್ರ ಇದೆಯೇ ಎಂದು ನೋಡಲೇಬೇಕು. ಇನ್ನೊಂದು ದೊಡ್ಡ ವಿಷಯ ತೆರಿಗೆ. ಇಲ್ಲೇ ಇರುವ ಮಾಲೀಕರಿಗಾದರೆ ತಿಂಗಳ ಬಾಡಿಗೆ 50,000 ದಾಟಿದರೆ ಮಾತ್ರ ಸಾಮಾನ್ಯ ಬಾಡಿಗೆದಾರರು ಟಿಡಿಎಸ್ ಮುರಿಯಬೇಕು. ಅನಿವಾಸಿ ಮಾಲೀಕರಿಗೆ ಆ ವಿನಾಯಿತಿ ಇಲ್ಲ: ಶೇ 30ರ ತೆರಿಗೆ, ಅದರ ಮೇಲೆ ಸೆಸ್, ಒಟ್ಟು ಶೇ 31.2. 14,000 ರೂಪಾಯಿ ಬಾಡಿಗೆಯಲ್ಲಿ 4,368 ರೂಪಾಯಿ ಸರ್ಕಾರಕ್ಕೆ ಹೋಗಬೇಕು, ಮಾಲೀಕರು ಇಲಾಖೆಯಿಂದ ಕಡಿಮೆ ದರದ ಪ್ರಮಾಣಪತ್ರ ತಂದಿದ್ದರೆ ಅಷ್ಟು ಕಡಿಮೆ. ಮುರಿಯದೆ ಕೊಟ್ಟರೆ ಬಡ್ಡಿ, ದಂಡಕ್ಕೆ ಹೊಣೆ ಬಾಡಿಗೆದಾರರು. ಕರಾರಿನಲ್ಲಿ ಇದರ ಸುಳಿವೇ ಇರಲಿಲ್ಲ. ತೆರಿಗೆ ಮುರಿದ ಮೊತ್ತವೇ ಪೂರ್ತಿ ಬಾಡಿಗೆ ಎಂದು ಒಪ್ಪುವ ಒಂದು ಸಾಲನ್ನು ಆಕೆ ಸೇರಿಸಲು ಹೇಳಿದಳು.

ಕರೆಂಟಿನದೂ ವಿಚಾರಿಸಬೇಕು. ಮೆಸ್ಕಾಂ ಮೀಟರಿನ ಆರ್‌ಆರ್ ನಂಬರ್ ಕರಾರಿನಲ್ಲಿದ್ದರೆ ಬಾಡಿಗೆದಾರರಿಗೂ ಗೃಹಜ್ಯೋತಿಗೆ ಅರ್ಜಿ ಹಾಕುವುದು ಸುಲಭ. ಯೂನಿಟ್‌ಗೆ ಇಷ್ಟೆಂದು ಮಾಲೀಕರೇ ವಸೂಲಿ ಮಾಡುವ ಕಡೆ ಆ ಲಾಭ ಕೈತಪ್ಪುತ್ತದೆ.

ಭಾವ ಹಾಳೆಗಳ ಫೋಟೊ ತೆಗೆದು ದುಬೈಗೆ ವಾಟ್ಸ್ಆ್ಯಪ್ ಮಾಡಿದರು. ಒಂಬತ್ತನೇ ಷರತ್ತು ‘ಸಹಜ ಸವಕಳಿ ಹೊರತುಪಡಿಸಿ, ಬಿಲ್ ತೋರಿಸಿದಷ್ಟು’ ಎಂದಾಯಿತು. ಗೋಡೆಯ ಫೋಟೊಗಳು ಕರಾರಿನ ಹಿಂದೆ ಸೇರಿದವು. ಲಾಕ್-ಇನ್ ಆರು ತಿಂಗಳಿಗೆ ಇಳಿಯಿತು. ಟ್ಯಾಂಕರ್ ನೀರಿನ ಖರ್ಚನ್ನು ಹೊರಲು ಮಾತ್ರ ಮಾಲೀಕರು ಒಪ್ಪಲಿಲ್ಲ. ಬಜೆ ಅಣೆಕಟ್ಟು ಬತ್ತಿ 2019ರ ಬೇಸಿಗೆಯಲ್ಲಿ ಉಡುಪಿ ಪಟ್ಟ ಪಾಡು ಗೊತ್ತಿದ್ದವರಿಗೆ ಅದು ಸಣ್ಣ ಮೊತ್ತವಲ್ಲ. ಕೊನೆಗೆ, ಅಸೋಸಿಯೇಶನ್ ಬಿಲ್ ಕೊಟ್ಟರೆ ಮಾತ್ರ, ಎಲ್ಲ ಫ್ಲ್ಯಾಟ್‌ಗಳಿಗೂ ಸಮನಾಗಿ ಹಂಚಿದ ಪಾಲನ್ನು ಕೊಡುವುದು ಎಂದು ಬರೆಸಿ, ಎರಡೂ ಕಡೆಯವರ ಸಣ್ಣ ಸಹಿ ಹಾಕಿಸಿದ ಮೇಲೆ ಆಕೆ ಡೆಪಾಸಿಟ್ಟನ್ನು ಬ್ಯಾಂಕ್ ಮೂಲಕ ಕಳಿಸಿದಳು.