ಕಾಡಿನ ಹೊತ್ತು ನೋಡಿ ಹೊರಡಿ

ಮನೆಮಂದಿಯೆಲ್ಲ ಸೇರಿ ಕಾರಿನಲ್ಲಿ ಕಾಡು, ಘಟ್ಟ ಸುತ್ತಿ ಬರೋಣ ಎಂದಾಗ ಮೊದಲು ಬರುವ ಪ್ರಶ್ನೆ ಎಷ್ಟು ಕಿಲೋಮೀಟರ್ ಎಂಬುದು; ಆಮೇಲೆ ಯಾವ ಯಾವ ಜಾಗ ಎಂಬುದು. ಇವೆರಡನ್ನೂ ಹಿಂದಕ್ಕಿಟ್ಟು, ಆ ದಿನ ಕತ್ತಲಾಗುವುದು ಎಷ್ಟು ಹೊತ್ತಿಗೆ ಎಂಬಲ್ಲಿಂದ ಲೆಕ್ಕ ಶುರುಮಾಡಬೇಕು ಎಂಬುದು ಪಶ್ಚಿಮಘಟ್ಟದ ರಸ್ತೆಗಳಿಂದ ನಾನು ಕಲಿತದ್ದು. ಮೈಸೂರಿನಿಂದ ಮಸಿನಗುಡಿ ಮೇಲೆ ಊಟಿಗೆ ಸುಮಾರು 125 ಕಿಲೋಮೀಟರ್. ಅದರಲ್ಲಿ ಗುಂಡ್ಲುಪೇಟೆವರೆಗಿನ ಅರವತ್ತು ಕಿಲೋಮೀಟರ್ ಬಯಲು ದಾರಿ, ಹೆಚ್ಚು ಕಡಿಮೆ ನಾವು ಅಂದುಕೊಂಡ ಹೊತ್ತಿಗೇ ಮುಗಿಯುತ್ತದೆ. ಅಲ್ಲಿಂದ ಮುಂದೆ ಬಂಡೀಪುರ, ಅದು ಮುಗಿಯುತ್ತಿದ್ದಂತೆ ಮುದುಮಲೈ. ಹಂಪ್ ಮೇಲೆ ಹಂಪ್, ವೇಗಕ್ಕೆ ಕಡಿವಾಣ, ನಡುವೆ ಎಲ್ಲೂ ಗಾಡಿ ನಿಲ್ಲಿಸುವಂತಿಲ್ಲ. ಮಸಿನಗುಡಿ ದಾಟಿದ ಮೇಲೆ ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳು. ಬಯಲಿನಲ್ಲಿ ಒಂದು ಗಂಟೆಗೆ ಸಾಗುವಷ್ಟು ದೂರಕ್ಕೆ ಇಲ್ಲಿ ಎರಡು ಗಂಟೆ, ಹಿಂದಿನ ಸೀಟಿನಲ್ಲಿ ವಾಂತಿಯಾಗುವ ಮಗುವೋ ಮಂಡಿನೋವಿನ ಅಜ್ಜಿಯೋ ಇದ್ದರೆ ಇನ್ನೂ ಹೆಚ್ಚು ಬೇಕು. ಡಿಸೆಂಬರಿನಲ್ಲಿ ಮೈಸೂರಿನ ಕಡೆ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಊಟ ಮುಗಿಸಿ ನಿಧಾನವಾಗಿ ಹೊರಟವರಿಗೆ ದಾರಿಯ ಅತ್ಯಂತ ಕಷ್ಟದ ಭಾಗ ಸಿಗುವುದು ಬೆಳಕು ಅತ್ಯಂತ ಕಡಿಮೆ ಇರುವಾಗ.

ಈ ಹೊತ್ತನ್ನು ಕಾಡು ಮಾತ್ರವಲ್ಲ, ಕಾನೂನೂ ಗೊತ್ತುಮಾಡಿದೆ. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. 2010ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೆ, ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ವಿನಾಯಿತಿ. ರಾತ್ರಿ ರಸ್ತೆ ದಾಟುವ ಜಿಂಕೆ, ಚಿರತೆ, ಆನೆಗಳು ಗಾಡಿಗಳಿಗೆ ಸಿಕ್ಕಿ ಸಾಯುತ್ತಿದ್ದುದೇ ಇದಕ್ಕೆ ಕಾರಣ. ಹೆಡ್‌ಲೈಟಿನ ಬೆಳಕು ಕಣ್ಣಿಗೆ ಹೊಡೆದಾಗ ಜಿಂಕೆ ಓಡುವುದಿಲ್ಲ, ಅಲ್ಲೇ ನಿಂತುಬಿಡುತ್ತದೆ. ಈ ನಿಯಮವನ್ನು ಕಿರಿಕಿರಿ ಎಂದುಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಾವು ಯಾವ ಪ್ರಾಣಿಗಳನ್ನು ಮಕ್ಕಳಿಗೆ ತೋರಿಸಲು ಹೊರಟಿದ್ದೇವೋ ಅವು ಉಳಿಯಲಿ ಎಂದೇ ಆ ಗೇಟು ಮುಚ್ಚುತ್ತದೆ. ಎಂಟೂವರೆಗೆ ಗೇಟು ದಾಟಿಬಿಡೋಣ ಎಂದು ಧಾವಿಸುವುದೂ ತಪ್ಪೇ. ಮುಸ್ಸಂಜೆ, ನಸುಕು ಎರಡೂ ಆನೆಗಳು ನೀರು ಮೇವು ಅರಸಿ ರಸ್ತೆಗಿಳಿಯುವ ಸಮಯ. ಮರಿಯಿರುವ ಹಿಂಡು ಎದುರಾದರೆ ದೂರದಲ್ಲೇ ನಿಂತು, ಹಾರ್ನ್ ಮಾಡದೆ, ಇಂಜಿನ್ ಆರಿಸದೆ, ಅದು ದಾಟುವವರೆಗೆ ಕಾಯಬೇಕು. ಅದು ಹತ್ತು ನಿಮಿಷವೂ ಆಗಬಹುದು, ಮುಕ್ಕಾಲು ಗಂಟೆಯೂ ಆಗಬಹುದು. ಗೇಟು ಮುಚ್ಚುತ್ತದೆಂಬ ಆತಂಕದಲ್ಲಿರುವ ಚಾಲಕ ಹಾಗೆ ಕಾಯಲಾರ.

ಇದಕ್ಕೆ ಬರುವ ಬಲವಾದ ಆಕ್ಷೇಪ ರಾತ್ರಿ ಪ್ರಯಾಣದ ಪರವಾದದ್ದು. ಮಕ್ಕಳು ನಿದ್ದೆ ಮಾಡುತ್ತಾರೆ, ರಸ್ತೆ ಖಾಲಿ, ಒಂದು ಹಗಲು ಉಳಿಯುತ್ತದೆ ಎನ್ನುತ್ತಾರೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವವರ ಮಟ್ಟಿಗೆ ಈ ಮಾತನ್ನು ಒಪ್ಪಬಹುದೇನೋ. ಘಟ್ಟದಲ್ಲಿ ಒಪ್ಪಲಾಗುವುದಿಲ್ಲ. ಅಲ್ಲಿ ತಿರುವಿನಾಚೆ ಕುಸಿದ ಮಣ್ಣಿರಬಹುದು, ಬಿದ್ದ ಮರವಿರಬಹುದು, ಮಂಜು ಕವಿದು ಬಿಳಿ ಗೆರೆಯೂ ಕಾಣದಿರಬಹುದು; ಫೋನಿಗೆ ನೆಟ್‌ವರ್ಕ್ ಇರುವುದಿಲ್ಲ. ಟೈರು ಪಂಕ್ಚರ್ ಆದರೆ ಹಗಲಿನಲ್ಲಿ ಸ್ಟೆಪ್ನಿ ಹಾಕುವುದು ಅರ್ಧ ಗಂಟೆಯ ಕೆಲಸ. ಅದೇ ರಾತ್ರಿ ಕಾಡಿನ ನಡುವೆ ಆದರೆ ಕಾರಿನಿಂದ ಇಳಿಯುವುದೇ ಅಪಾಯ. ಇಳಿಜಾರಿನ ಮಾತಂತೂ ಬೇರೆಯೇ. ಬ್ರೇಕನ್ನೇ ಒತ್ತುತ್ತ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹತ್ತುವಾಗ ಹಾಕಿದ ಗೇರಿನಲ್ಲೇ ಇಳಿಯಬೇಕು. ಅಪಘಾತಗಳು ಹೆಚ್ಚಿದ ಮೇಲೆ ಕಲ್ಲಟ್ಟಿಯಲ್ಲಿ ಹೊರಗಿನ ವಾಹನಗಳನ್ನು ಊಟಿಯಿಂದ ಕೆಳಗೆ ಇಳಿಯಲು ಬಿಡುತ್ತಿಲ್ಲ. ಹಾಗಾಗಿ ಹೋದ ದಾರಿಯಲ್ಲೇ ಮರಳುತ್ತೇವೆಂಬ ಯೋಜನೆ ಅಲ್ಲಿ ನಡೆಯುವುದಿಲ್ಲ, ಗೂಡಲೂರಿನ ಸುತ್ತುದಾರಿಗೂ ಹೊತ್ತು ಇಟ್ಟುಕೊಳ್ಳಬೇಕು. 2024ರ ಮೇ ತಿಂಗಳಿಂದ ನೀಲಗಿರಿ ಜಿಲ್ಲೆಗೆ ಹೋಗಲು ಇ-ಪಾಸ್ ಕೂಡ ಬಂದಿದೆ. ಅದನ್ನು ಮನೆಯಲ್ಲೇ ಪಡೆದು ಹೊರಡುವುದು ಲೇಸು, ಕಾಡಿನ ಗಡಿಯಲ್ಲಿ ನಿಂತು ಸಿಗ್ನಲ್ ಹುಡುಕುವಂತಾಗಬಾರದು.

ಇರುವುದೇ ಶನಿವಾರ, ಭಾನುವಾರ. ಇಷ್ಟೆಲ್ಲ ಬಿಡುವು ಎಲ್ಲಿಂದ ತರುವುದು ಎಂಬ ಪ್ರಶ್ನೆಯಲ್ಲಿ ನ್ಯಾಯವಿದೆ. ಊಟಿ, ವಯನಾಡು, ಕೊಡಗು ಮೂರನ್ನೂ ಎರಡು ದಿನದಲ್ಲಿ ಮುಗಿಸುವ ಹಟ ಬಿಡುವುದೇ ಅದಕ್ಕೆ ಉತ್ತರ. ಹಾಗೆ ಸುತ್ತಿದ ಮಕ್ಕಳ ನೆನಪಿನಲ್ಲಿ ಉಳಿಯುವುದು ಕಾರಿನ ಕಿಟಕಿ ಮಾತ್ರ. ಒಂದೇ ಕಾಡಿನ ಅಂಚಿನಲ್ಲಿ ಎರಡು ರಾತ್ರಿ ತಂಗಿದರೆ ನಸುಕಿನ ಸಫಾರಿಯೂ ಸಿಗುತ್ತದೆ, ಮಧ್ಯಾಹ್ನದ ನಿದ್ದೆಯೂ ಸಿಗುತ್ತದೆ. ಬುತ್ತಿ ಕಟ್ಟಿಕೊಂಡು ಹೋಗುವವರು ಅದನ್ನು ಬಿಚ್ಚುವ ಜಾಗವನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು: ಕಾಡು ಶುರುವಾಗುವ ಮೊದಲಿನ ಊರು, ಇಲ್ಲವೇ ಮುಗಿದ ಮೇಲಿನ ಊರು. ನಡುವೆ ನಿಲ್ಲಿಸಿ ಮಂಗಗಳಿಗೆ ಚಪಾತಿ ಎಸೆದರೆ ಅವು ರಸ್ತೆಬದಿಯಲ್ಲೇ ಬದುಕುವುದನ್ನು ಕಲಿತು ಚಕ್ರದಡಿ ಸಿಲುಕುತ್ತವೆ.

ದಿನಕ್ಕೆ ಇರುವಂತೆ ವರ್ಷಕ್ಕೂ ಕಾಡಿನದೇ ಹೊತ್ತಿದೆ. ಮಳೆಗಾಲದ ಜಲಪಾತ ನೋಡಬೇಕೆಂಬ ಆಸೆ ಸಹಜ. ಆದರೆ 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಅಲ್ಲಲ್ಲಿ ಕುಸಿದು ರಸ್ತೆ ಮುಚ್ಚಿತ್ತು, ಅದರ ಹಿಂದಿನ ವರ್ಷ ಶಿರಾಡಿಯೂ ಮುಚ್ಚಿತ್ತು. ಜುಲೈ, ಆಗಸ್ಟಿನಲ್ಲಿ ಘಟ್ಟ ಇಳಿಯುವ ಯೋಜನೆ ಇರುವವರು ಬದಲಿ ದಾರಿಯನ್ನೂ, ಒಂದು ಹೆಚ್ಚಿನ ರಾತ್ರಿಗೆ ಬೇಕಾದ ಹಣವನ್ನೂ ಇಟ್ಟುಕೊಂಡೇ ಹೊರಡಬೇಕು. ಮಕ್ಕಳ ರಜೆ ಇರುವುದು ಏಪ್ರಿಲ್, ಮೇನಲ್ಲಿ, ಋತು ನೋಡುತ್ತ ಕುಳಿತರೆ ಹೋಗುವುದು ಯಾವಾಗ ಎಂದು ಕೇಳಬಹುದು. ಬೇಸಿಗೆಗೂ ಅದರದೇ ಜಾಗಗಳಿವೆ. ಒಣಗಿದ ಕಾಡಿನಲ್ಲಿ ಪ್ರಾಣಿಗಳು ನೀರಿನತ್ತ ಬರುವುದರಿಂದ ಕಬಿನಿ ಹಿನ್ನೀರಿನಲ್ಲಿ ಆನೆ ಹಿಂಡುಗಳನ್ನು ಕಾಣಲು ಅದೇ ಒಳ್ಳೆಯ ಕಾಲ. ಅದೇ ಒಣ ಕಾಡಿಗೆ ಒಂದು ಬೀಡಿ ತುಂಡು ಸಾಕು. 2019ರ ಫೆಬ್ರುವರಿಯಲ್ಲಿ ಬಂಡೀಪುರ ಉರಿದದ್ದನ್ನು ನಾಡೆಲ್ಲ ನೋಡಿದೆ. ಹಸಿರು, ಹೊಳೆ, ತೆರೆದ ರಸ್ತೆ ಮೂರೂ ಒಟ್ಟಿಗೆ ಬೇಕಾದರೆ ದಸರಾ ರಜೆಯನ್ನು ಮಲೆನಾಡಿಗೆ ಮೀಸಲಿಡುವುದನ್ನು ನಾನು ಯಾರಿಗಾದರೂ ಹೇಳುತ್ತೇನೆ.

ದಸರಾ ಕಳೆದು ಚಳಿಗಾಲದಿಂದ ಬೇಸಿಗೆಯವರೆಗೆ ಮಲೆನಾಡಿಗೆ ಹೋಗುವವರು ಮಂಗನ ಕಾಯಿಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗುಗಳಿಂದ ಹರಡುತ್ತದೆ. ಹಾಗೆಂದು ಮಲೆನಾಡಿಗೆ ಹೋಗುವುದನ್ನೇ ಬಿಡಬೇಕಿಲ್ಲ. ಸುತ್ತಮುತ್ತ ಮಂಗ ಸತ್ತ ಸುದ್ದಿ ಇದೆಯೇ ಎಂದು ತಂಗುವ ಮನೆಯವರನ್ನು ಹೊರಡುವ ಮೊದಲೇ ಕೇಳಬೇಕು, ಇದೆ ಎಂದರೆ ಆ ಕಾಡಿನೊಳಗೆ ಕಾಲಿಡಬಾರದು. ಮಕ್ಕಳನ್ನು ದರಗಿನ ಮೇಲೆ ಕೂರಲು ಬಿಡದೆ, ಸಂಜೆ ಮೈಕೈ ಪರೀಕ್ಷಿಸಿ ಸ್ನಾನ ಮಾಡಿಸಬೇಕು. ಊರಿಗೆ ಮರಳಿ ಒಂದೆರಡು ವಾರದೊಳಗೆ ಯಾರಿಗಾದರೂ ಜ್ವರ ಬಂದರೆ, ಯಾವ ಕಾಡಿಗೆ ಯಾವಾಗ ಹೋಗಿದ್ದೆವು ಎಂಬುದನ್ನು ವೈದ್ಯರು ಕೇಳುವ ಮುಂಚೆಯೇ ಹೇಳಬೇಕು.